ಎರಡು ಕಿವಿಗೆ ಏಳು ಸ್ಪೀಕರೇ?

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಮನೆಗಳಲ್ಲಿ ಅಡಕೆಗೋ ಕೊಬ್ಬರಿಗೋ ಈರುಳ್ಳಿಗೋ ಒಳ್ಳೆಯ ಧಾರಣೆ ದೊರೆತ ವರ್ಷ, ಇಲ್ಲವೆ ಬೆಂಗಳೂರಿನಲ್ಲಿ ಉದ್ಯೋಗಕ್ಕೆ ಸೇರಿದ ಮಗನು ಮೊದಲ ಸಂಬಳದ ಹಮ್ಮಿನಲ್ಲಿ ಹಬ್ಬಕ್ಕೆ ಊರಿಗೆ ಬಂದ ವರ್ಷ, ಟಿ.ವಿ.ಯ ಮಗ್ಗುಲಲ್ಲಿ ಪ್ಲೇಸ್ಟೇಷನ್ ಎಂದೋ ಎಕ್ಸ್‌ಬಾಕ್ಸ್ ಎಂದೋ ಹೆಸರುಳ್ಳ ಆಟದ ಕನ್ಸೋಲ್ ಒಂದು ಪ್ರತಿಷ್ಠಾಪನೆಗೊಳ್ಳುವುದನ್ನು ನಾವು ಈಗೀಗ ಕಾಣುತ್ತಿದ್ದೇವೆ. ಹಾಗೆ ಬಂದ ಯಂತ್ರದ ಗುಂಡಿನ ಸದ್ದು, ಕಾರಿನ ಮೊರೆತ, ರಾಕ್ಷಸರ ಆರ್ಭಟಗಳು ಅಪ್ಪನ ನಿದ್ರೆಗೂ ತಂಗಿಯ ಪರೀಕ್ಷೆಗೂ ಭಂಗ ತಂದು, ಕೊನೆಗೊಂದು ರಾತ್ರಿ ಮನೆಯ ಹಿರಿಯರು ಕಠೋರವಾಗಿ ನುಡಿದ ಮೇಲೆ, ಹೆಡ್‌ಫೋನ್ ಒಂದನ್ನು ಕೊಳ್ಳಲೇಬೇಕೆಂಬ ನಿರ್ಣಯಕ್ಕೆ ಎಲ್ಲರೂ ಬರುತ್ತಾರೆ. ಅಲ್ಲಿಯವರೆಗೆ ಎಲ್ಲವೂ ಸರಿ. ತಪ್ಪು ಆರಂಭವಾಗುವುದು ಅಂಗಡಿಯಲ್ಲಿ, ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾಗಿರುವ ‘7.1 ಸರೌಂಡ್’ ಎಂಬ ಸಂಖ್ಯೆಯ ಮುಂದೆ ಹುಡುಗನು ಮಂತ್ರಮುಗ್ಧನಾಗಿ ನಿಂತು, ಅದೇ ಬೆಲೆಯ, ಆದರೆ ಅಂಥ ಯಾವ ಸಂಖ್ಯೆಯನ್ನೂ ಹೊತ್ತಿರದ ಸರಳವಾದ ಸ್ಟೀರಿಯೋ ಹೆಡ್‌ಸೆಟ್ಟನ್ನು ಕಣ್ಣೆತ್ತಿಯೂ ನೋಡದೆ ಬರುವಾಗ.

ಆ ಸಂಖ್ಯೆಯ ಮೂಲಾರ್ಥವು ಚಿತ್ರಮಂದಿರಕ್ಕೂ ವಿಶಾಲವಾದ ಹಜಾರಕ್ಕೂ ಸಂಬಂಧಪಟ್ಟದ್ದು: ಕೇಳುವವನ ಸುತ್ತಲೂ ಏಳು ಸ್ಪೀಕರುಗಳನ್ನು ಇರಿಸಿ, ದಿಕ್ಕಿನ ಹಂಗಿಲ್ಲದ ಅತಿಮಂದ್ರಸ್ವರಗಳಿಗಾಗಿ ಎಂಟನೆಯದೊಂದನ್ನು ಪ್ರತ್ಯೇಕವಾಗಿ ಸ್ಥಾಪಿಸತಕ್ಕ ಏರ್ಪಾಡು ಅದು. ಹೆಡ್‌ಫೋನಿನಲ್ಲಾದರೋ ಸಾಮಾನ್ಯವಾಗಿ ಇರುವುದು ಎಡಗಿವಿಗೊಂದು, ಬಲಗಿವಿಗೊಂದು, ಹೀಗೆ ಎರಡೇ ಸ್ಪೀಕರು. ಒಂದೊಂದು ಕಿವಿಗೆ ಐದೈದು ಕಿರುಸ್ಪೀಕರುಗಳನ್ನು ಅಡಕಿ ತುಂಬಿದ ರೇಜರ್ ಕಂಪನಿಯ ಟಿಯಮ್ಯಾಟ್‌ನಂಥ ಸಾಹಸಗಳೂ ನಡೆದಿರುವುದುಂಟು. ಆದರೆ ಕಿವಿಯಿಂದ ಅಂಗುಲದಷ್ಟು ದೂರದಲ್ಲಿ ಒತ್ತೊತ್ತಾಗಿ ಕುಳಿತ ಐದು ಬಾಯಿಗಳು ಐದು ದಿಕ್ಕುಗಳಾಗಲಾರವು. ಹಾಗಿದ್ದಮೇಲೆ ಸುತ್ತಲಿನ ಸದ್ದು ಎಲ್ಲಿಂದ ಬರಬೇಕು? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಅದು ಹೆಡ್‌ಫೋನಿನಲ್ಲಿ ಇಲ್ಲ, ಅದನ್ನು ರಚಿಸುವುದು ಕನ್ಸೋಲು, ಪೂರ್ಣಗೊಳಿಸುವುದು ಕಿವಿ. ಆದುದರಿಂದ ಹೆಡ್‌ಫೋನಿಗೆ ಕೊಡುವ ಹಣವು ನಿಷ್ಠಾವಂತವಾದ ಎರಡು ಸ್ಪೀಕರಿಗೂ, ಎಷ್ಟು ಹೊತ್ತು ತೊಟ್ಟರೂ ನೋಯಿಸದ ಮೆತ್ತೆಗೂ, ಗಟ್ಟಿಯಾದ ತಂತಿಗೂ ಸಲ್ಲತಕ್ಕದ್ದೇ ಹೊರತು ಪೆಟ್ಟಿಗೆಯ ಮೇಲಣ ಅಂಕಿಗಲ್ಲ.

ಬೀರೂರು ಜಂಕ್ಷನ್ನಿನ ಸಮೀಪದಲ್ಲಿ ಮನೆ ಮಾಡಿಕೊಂಡಿರುವವರು ಕಣ್ಣು ಮುಚ್ಚಿ ಮಲಗಿದ್ದಾಗಲೂ ಈ ಕೂಗು ಕಡೂರಿನ ಕಡೆಯದು, ಇದು ಅಜ್ಜಂಪುರದ ಕಡೆಯದು, ಇದು ಹುಬ್ಬಳ್ಳಿಯ ಹಳಿಯನ್ನು ಬಿಟ್ಟು ತರೀಕೆರೆಯತ್ತ ಹೊರಳಿದ ಗಾಡಿಯದು ಎಂದು ನಿಶ್ಚಯಿಸಬಲ್ಲರು. ಈ ಸಾಮರ್ಥ್ಯವು ಅಭ್ಯಾಸದಿಂದ ಹರಿತವಾದದ್ದಾದರೂ ಅದರ ಬೀಜವು ಎಲ್ಲರ ಶಿರಸ್ಸಿನಲ್ಲಿಯೂ ಇದೆ. ಬಲಗಡೆಯಿಂದ ಬಂದ ಧ್ವನಿಯು ಬಲಗಿವಿಯನ್ನು ಮೊದಲು ಮುಟ್ಟಿ, ತಲೆಯನ್ನು ಬಳಸಿಕೊಂಡು ಎಡಗಿವಿಯನ್ನು ಸೇರುವಷ್ಟರಲ್ಲಿ ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ, ಹೆಚ್ಚೆಂದರೆ ಅದರ ಹತ್ತರಲ್ಲಿ ಏಳು ಪಾಲಿನಷ್ಟು ಕಾಲ ಕಳೆದಿರುತ್ತದೆ. ಜೊತೆಗೆ ತಲೆಯ ನೆರಳಿಗೆ ಸಿಕ್ಕಿದ ತಾರಸ್ವರಗಳು ಆ ಕಿವಿಯಲ್ಲಿ ಕೊಂಚ ಕ್ಷೀಣಿಸಿರುತ್ತವೆ. ಮಂದ್ರಸ್ವರಗಳ ದಿಕ್ಕನ್ನು ಕಾಲದ ಅಂತರದಿಂದಲೂ ತಾರಸ್ವರಗಳ ದಿಕ್ಕನ್ನು ಬಲದ ಅಂತರದಿಂದಲೂ ನಾವು ಗ್ರಹಿಸುತ್ತೇವೆಂಬ ತತ್ತ್ವವನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆಯವರು 1907ರಲ್ಲಿಯೇ ಪ್ರತಿಪಾದಿಸಿದರು. ಮೇಲು ಕೆಳಗು, ಹಿಂದು ಮುಂದುಗಳ ವಿವೇಚನೆ ಮಾತ್ರ ಇನ್ನೂ ಸೂಕ್ಷ್ಮವಾದದ್ದು. ಅದಕ್ಕೆ ಆಧಾರವು ಹೊರಗಿವಿಯ ಸುರುಳಿಗಳಲ್ಲಿ ಸದ್ದು ತಾಗಿ ತಿರುಗಿ ಪಡೆಯುವ ರೂಪಾಂತರ, ಮತ್ತು ಆ ಸುರುಳಿಗಳು ಒಬ್ಬರವು ಇನ್ನೊಬ್ಬರವುಗಳಂತೆ ಇರುವುದಿಲ್ಲ.

ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನ ಕೇಂದ್ರದಲ್ಲಿ ಮೇಯುವ ರಾಸುಗಳನ್ನು ನೋಡಿದವರಿಗೆ ಗೊತ್ತು, ಸದ್ದು ಬಂದ ದಿಕ್ಕಿಗೆ ಅವು ಕಿವಿಯನ್ನೇ ತಿರುಗಿಸಿ ಹಿಡಿಯುತ್ತವೆ. ನಮಗೆ ಆ ಸೌಭಾಗ್ಯವಿಲ್ಲವಾದುದರಿಂದ ಕುತ್ತಿಗೆಯನ್ನು ತಿರುಗಿಸಿ, ಸದ್ದು ಹಿಂದಿನದೋ ಮುಂದಿನದೋ ಎಂಬ ಸಂದೇಹವನ್ನು ಪರಿಹರಿಸಿಕೊಳ್ಳುತ್ತೇವೆ. ಹೆಡ್‌ಫೋನ್ ತೊಟ್ಟವನು ಕುತ್ತಿಗೆ ತಿರುಗಿಸಿದರೆ ಸದ್ದಿನ ಲೋಕವೂ ಅವನೊಡನೆಯೇ ತಿರುಗಿಬಿಡುವುದರಿಂದ ಆ ಪರಿಹಾರವೂ ಇಲ್ಲದಾಯಿತಲ್ಲ ಎಂದು ಚಿಂತಿಸಬೇಕಾದದ್ದಿಲ್ಲ: ಆಟದಲ್ಲಿ ಕುತ್ತಿಗೆಯ ಕೆಲಸವನ್ನು ಬಲಗೈಯ ಹೆಬ್ಬೆರಳು ಮಾಡುತ್ತದೆ. ಹೆಜ್ಜೆಯ ಸಪ್ಪಳ ಬೆನ್ನಿನ ಹಿಂದಿನದೆಂದು ಶಂಕೆಯಾದ ಕೂಡಲೆ ಕಂಟ್ರೋಲರಿನ ಕಡ್ಡಿಯನ್ನು ತುಸು ತಿರುವಿದರೆ ಸಪ್ಪಳವು ಒಂದು ಕಿವಿಯತ್ತ ಸರಿಯುತ್ತದೆ. ಸರಿದ ಕಡೆಯೇ ಉತ್ತರ. ಏಳು ಸ್ಪೀಕರುಗಳ ಹೆಡ್‌ಫೋನಿಗಿಂತ ಈ ಹೆಬ್ಬೆರಳಿನ ಅಭ್ಯಾಸವು ಹೆಚ್ಚು ಆಟಗಳನ್ನು ಗೆಲ್ಲಿಸುತ್ತದೆಂದು ನಾನು ನಂಬಿದ್ದೇನೆ.

ಎರಡೇ ಸ್ಪೀಕರಿನಿಂದ ಒಂದು ರಂಗಸ್ಥಳವನ್ನೇ ಕಿವಿಯೊಳಗೆ ನಿರ್ಮಿಸಬಹುದೆಂಬುದು ಹೊಸ ಸಂಗತಿಯೂ ಅಲ್ಲ. 1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅದೇರ್ ಎಂಬವರು ಅಲ್ಲಿನ ಗೀತನಾಟಕಶಾಲೆಯ ರಂಗದ ಮೇಲೆ ಸಾಲಾಗಿ ಟೆಲಿಫೋನ್ ಯಂತ್ರಗಳನ್ನಿರಿಸಿ, ತಂತಿಯ ಮೂಲಕ ದೂರದ ಸಭಾಂಗಣದಲ್ಲಿ ಕುಳಿತವರ ಎರಡು ಕಿವಿಗಳಿಗೂ ಬೇರೆಬೇರೆಯಾಗಿ ಧ್ವನಿಯನ್ನು ಮುಟ್ಟಿಸಿದಾಗ, ಗಾಯಕನು ರಂಗದ ಮೇಲೆ ಎಡದಿಂದ ಬಲಕ್ಕೆ ನಡೆದದ್ದು ಕೇಳುವವರಿಗೆ ಕಂಡಂತಾಯಿತು. ಇಂದಿನ ಕನ್ಸೋಲು ಮಾಡುವುದೂ ತತ್ತ್ವತಃ ಅದನ್ನೇ. ಭೇದವಿರುವುದು ಇಷ್ಟರಲ್ಲಿ: ರಂಗವೂ ಇಲ್ಲ, ಗಾಯಕನೂ ಇಲ್ಲ, ಆಟದೊಳಗಿನ ಪ್ರತಿಯೊಂದು ಸದ್ದಿನ ಸ್ಥಾನವನ್ನೂ ಕ್ಷಣಕ್ಷಣಕ್ಕೆ ಗಣಿಸಿ, ಎರಡು ಕಿವಿಗಳಿಗೆ ತಲಪಬೇಕಾದ ಕಾಲವನ್ನೂ ಬಲವನ್ನೂ ಸುರುಳಿಯ ಛಾಯೆಯನ್ನೂ ಅದು ಲೆಕ್ಕದಿಂದಲೇ ಹುಟ್ಟಿಸುತ್ತದೆ. ನಮ್ಮ ದೇಶದಲ್ಲಿ 2021ರ ಫೆಬ್ರುವರಿ 2ರಂದು ಮಾರಾಟಕ್ಕೆ ಬಂದ ಪ್ಲೇಸ್ಟೇಷನ್ 5ರಲ್ಲಿ ಈ ಗಣಿತಕ್ಕೆಂದೇ ಟೆಂಪೆಸ್ಟ್ ಎಂಬ ವ್ಯವಸ್ಥೆಯುಂಟು. ಅದು ಕಂಟ್ರೋಲರಿನ ರಂಧ್ರಕ್ಕೆ ಸಿಕ್ಕಿಸಿದ ಯಾವುದೇ ಸಾಮಾನ್ಯ ಹೆಡ್‌ಫೋನಿನಲ್ಲಿಯೂ ಕೆಲಸ ಮಾಡುತ್ತದೆ. ಎಕ್ಸ್‌ಬಾಕ್ಸಿನಲ್ಲಿ ವಿಂಡೋಸ್ ಸೋನಿಕ್ ಉಚಿತವಾಗಿಯೇ ದೊರೆಯುತ್ತದೆ. ಡಾಲ್ಬಿ ಆಟ್ಮಾಸ್ ಬೇಕೆನ್ನುವವರು ಅದಕ್ಕೆ ಹಣ ತೆರಬೇಕು. ಹಳೆಯ ಯಂತ್ರಗಳಿರುವ ಮನೆಯವರು ನಿರಾಶರಾಗುವುದು ಬೇಡ, ಕೆಲವು ಆಟಗಳು ತಮ್ಮ ಸೆಟ್ಟಿಂಗಿನಲ್ಲಿಯೇ ಹೆಡ್‌ಫೋನಿಗೆಂದು ಪ್ರತ್ಯೇಕ ಆಯ್ಕೆಯನ್ನಿಟ್ಟಿರುತ್ತವೆ. 2017ರ ‘ಹೆಲ್‌ಬ್ಲೇಡ್’ ಎಂಬ ಆಟದಲ್ಲಂತೂ ನಾಯಕಿಯ ಮನಸ್ಸಿನ ಪಿಸುದನಿಗಳನ್ನು ಎರಡು ಕಿವಿಗಳ ಕೇಳ್ಮೆಗೆ ತಕ್ಕಂತೆಯೇ ಧ್ವನಿಮುದ್ರಿಸಿದ್ದಾರೆ, ಅದನ್ನು ಟಿ.ವಿ.ಯ ಸ್ಪೀಕರಿನಲ್ಲಿ ಕೇಳುವುದು ಅರ್ಧ ಆಟವನ್ನು ಆಡಿದಂತೆ.

ಹೀಗಿರುವಾಗ ‘7.1’ ಎಂದು ಬರೆದ ಯು.ಎಸ್.ಬಿ. ಹೆಡ್‌ಸೆಟ್ಟುಗಳ ಗತಿಯೇನು? ಅವುಗಳಲ್ಲಿ ಬಹುಪಾಲಿನವು ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬೇಕಾದ ತಮ್ಮದೇ ಸಾಫ್ಟ್‌ವೇರಿನ ಬಲದಿಂದ ಆ ಮಾಯೆಯನ್ನು ಮಾಡತಕ್ಕವು. ಕನ್ಸೋಲಿನಲ್ಲಿ ಆ ಸಾಫ್ಟ್‌ವೇರಿಗೆ ಪ್ರವೇಶವಿಲ್ಲ. ಆದಕಾರಣ ಅಲ್ಲಿ ಅವು ಸ್ಟೀರಿಯೋ ಹೆಡ್‌ಫೋನುಗಳೇ, ಬೆಲೆ ಮಾತ್ರ ಮಾಯೆಯದು. ಎಕ್ಸ್‌ಬಾಕ್ಸಿನಲ್ಲಿ ಇನ್ನೂ ಒಂದು ತೊಡಕು, ತನಗೆಂದೇ ಅನುಮತಿ ಪಡೆದು ತಯಾರಾಗದ ಯು.ಎಸ್.ಬಿ. ಹೆಡ್‌ಸೆಟ್ಟನ್ನು ಅದು ಒಪ್ಪಿಕೊಳ್ಳುವುದೇ ಇಲ್ಲ. ತಂತಿಯ ನಡುವಣ ಗುಬಟಿನಲ್ಲಿ ತಾವೇ ಸರೌಂಡನ್ನು ಹುಟ್ಟಿಸುವ ಕೆಲವು ಜಾತಿಯವೂ ಇವೆ. ಕನ್ಸೋಲು ಒಮ್ಮೆ ರಚಿಸಿ ಕೊಟ್ಟ ದಿಕ್ಕುಗಳ ಮೇಲೆ ಇವು ಮತ್ತೊಮ್ಮೆ ತಮ್ಮ ರಚನೆಯನ್ನು ಹೇರಿದರೆ, ಬಾವಿಯೊಳಗಿಂದ ಯಾರೋ ಕರೆಯುತ್ತಿರುವಂಥ ಸದ್ದಲ್ಲದೆ ಇನ್ನೇನೂ ಉಳಿಯುವುದಿಲ್ಲ. ಎರಡರಲ್ಲಿ ಒಂದನ್ನು ಮುಚ್ಚಿಡಿ, ಮುಚ್ಚತಕ್ಕದ್ದು ಹೆಡ್‌ಸೆಟ್ಟಿನದನ್ನು.

ತಂತಿಯ ಹೆಡ್‌ಫೋನೇ ಏಕೆ, ಈ ಕಾಲದಲ್ಲಿ ಬ್ಲೂಟೂತ್ ಇಲ್ಲವೆ ಎಂಬ ಪ್ರಶ್ನೆಗೆ ಉತ್ತರ ಸುಲಭ. ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸುಗಳು ಬ್ಲೂಟೂತ್ ಹೆಡ್‌ಫೋನನ್ನು ನೇರವಾಗಿ ಜೋಡಿಸಿಕೊಳ್ಳುವುದಿಲ್ಲ, ಟಿ.ವಿ.ಯ ಮೂಲಕ ಸುತ್ತಿಬಳಸಿ ಜೋಡಿಸಿದರೆ ಗುಂಡು ಹಾರಿದ ಮೇಲೆ ಸದ್ದು ಬರುತ್ತದೆ. ದಿಕ್ಕನ್ನರಿಯುವ ಕಿವಿಗೆ ಸಾವಿರದ ಒಂದಂಶದ ಲೆಕ್ಕವಿರುವಾಗ, ನೂರಿನ್ನೂರು ಅಂಶಗಳ ವಿಳಂಬವನ್ನು ಕೈಯ ಚುರುಕು ಹೇಗೆ ಸಹಿಸೀತು? ಕನ್ಸೋಲಿಗೆಂದೇ ಬೇರೆಯ ನಿಸ್ತಂತು ಹೆಡ್‌ಸೆಟ್ಟುಗಳಿವೆ, ಅವು ಒಳ್ಳೆಯವೇ. ಆದರೆ ಅವುಗಳ ಬ್ಯಾಟರಿಗೆ ವಯಸ್ಸಾದಾಗ ಯಾರು ಬದಲಿಸಿಕೊಡುತ್ತಾರೆ? ತಂತಿಯದಾದರೆ ಕೆಡುವುದು ಬಹುಮಟ್ಟಿಗೆ ಪಿನ್ನಿನ ಬುಡದಲ್ಲಿ, ಮತ್ತು ಆ ಪಿನ್ನನ್ನು ಕತ್ತರಿಸಿ ಹೊಸದನ್ನು ಬೆಸುಗೆ ಹಾಕಿಕೊಡುವ ಕೈಚಳಕ ಮೊಬೈಲ್ ರಿಪೇರಿಯವರಲ್ಲಿ ಉಂಟು. ತಂತಿಯನ್ನೇ ಕಳಚಿ ಬೇರೆಯದನ್ನು ಸಿಕ್ಕಿಸಬಹುದಾದ ಮಾದರಿ ದೊರೆತರೆ ಇನ್ನೂ ಉತ್ತಮ. ಕಡೂರಿನಲ್ಲಿಯೇ ದುರಸ್ತಿಯಾಗುವ ವಸ್ತುವಿಗೂ ಬೆಂಗಳೂರಿಗೆ ಕೊರಿಯರ್ ಮಾಡಿ ಕಾದು ಕೂರಬೇಕಾದ ವಸ್ತುವಿಗೂ ಇರುವ ವ್ಯತ್ಯಾಸವನ್ನು ಯಾವ ಪೆಟ್ಟಿಗೆಯ ಮೇಲೂ ಅಚ್ಚು ಹಾಕಿರುವುದಿಲ್ಲ.

ಪಿನ್ನಿನ ವಿಚಾರದಲ್ಲಿ ಒಂದೇ ಮಾತು: 3.5 ಮಿಲಿಮೀಟರಿನ ಆ ಕಡ್ಡಿಯ ಮೇಲೆ ಮೂರು ಕಪ್ಪು ಬಳೆಗಳಿದ್ದರೆ ಮೈಕೂ ಒಂದೇ ಪಿನ್ನಿನಲ್ಲಿ ಅಡಕವಾಗಿದೆಯೆಂದು ಅರ್ಥ. ಎರಡು ಬೇರೆ ಪಿನ್ನುಗಳಿದ್ದರೆ ಅದು ಕಂಪ್ಯೂಟರಿಗೆ ಮಾಡಿದ್ದು, ಕಂಟ್ರೋಲರಿಗೆ ನಡುವೆ ಒಂದು ಜೋಡಣೆ ಬೇಕಾದೀತು. ಓಮ್ ಎಂಬ ಅಳತೆಯನ್ನೂ ನೋಡಿರಿ, 32ರ ಆಸುಪಾಸಿನಲ್ಲಿದ್ದರೆ ಕಂಟ್ರೋಲರಿನ ಅಲ್ಪಶಕ್ತಿಗೆ ಅದು ಸಲೀಸು. ಸ್ಟುಡಿಯೋದವರು ಮೆಚ್ಚುವ 250 ಓಮಿನದನ್ನು ತಂದು, ಸದ್ದೇ ಸಾಲದೆಂದು ದೂರುವುದು ವ್ಯರ್ಥ.

ಮನೆಯ ಮಾತಿಗೆ ಬರೋಣ. ಹೊರಮೈಯಲ್ಲಿ ಜಾಲರಿಯುಳ್ಳ ತೆರೆದ ಹೆಡ್‌ಫೋನು ದಿಕ್ಕು, ದೂರ, ವೈಶಾಲ್ಯಗಳನ್ನು ತೋರಿಸುವುದರಲ್ಲಿ ಮುಚ್ಚಿದ ಜಾತಿಗಿಂತ ಶ್ರೇಷ್ಠವೆಂಬುದು ರಸಿಕರ ಮತ; ನನ್ನದೂ ಅದೇ. ಆದರೆ ತರೀಕೆರೆಯ ಕಡೆ ತಗಡಿನ ಮಾಡಿನ ಮೇಲೆ ಮಳೆ ಹುಯ್ಯುವಾಗ, ಅಡಕೆಯ ಕಾಲದಲ್ಲಿ ಅಂಗಳದಲ್ಲಿ ಸುಲಿಯುವ ಯಂತ್ರ ಕರ್ಕಶವಾಗಿ ಕೂಗುವಾಗ, ಆ ಜಾಲರಿಯ ಮೂಲಕ ಎಲ್ಲವೂ ಒಳಗೆ ಬರುತ್ತದೆ, ಒಳಗಿನದೆಲ್ಲವೂ ಹೊರಗೆ ಹೋಗಿ ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸುತ್ತದೆ. ಅಲ್ಲಿಗೆ ಮುಚ್ಚಿದ್ದೇ ಸರಿ. ಕಡೂರಿನ ಬಯಲುಸೀಮೆಯ ಏಪ್ರಿಲ್ ತಿಂಗಳಿನಲ್ಲಾದರೋ ಕೃತಕ ಚರ್ಮದ ಮೆತ್ತೆ ಅರ್ಧ ಗಂಟೆಯೊಳಗೆ ಬೆವರಿ ಕಿವಿಯನ್ನು ಬೇಯಿಸುವುದರಿಂದ ಬಟ್ಟೆಯ ಹೊದಿಕೆಯುಳ್ಳದನ್ನು ಆರಿಸಬೇಕು. ಕನ್ನಡಕ ಧರಿಸುವವರು ಮೆತ್ತೆಯ ಮೃದುತ್ವವನ್ನು ಎಲ್ಲಕ್ಕಿಂತ ಮೊದಲು ನೋಡಲಿ. ಗಟ್ಟಿ ಮೆತ್ತೆ ಕನ್ನಡಕದ ಕಡ್ಡಿಯನ್ನು ಕಣತಲೆಗೆ ಒತ್ತಿ ಹಿಡಿದರೆ ಎಂಥ ಧ್ವನಿಮಾಯೆಯೂ ತಲೆನೋವಿನಲ್ಲಿ ಪರ್ಯವಸಾನವಾಗುತ್ತದೆ. ಅಮ್ಮ ಊಟಕ್ಕೆ ಕರೆದದ್ದು ಕೇಳಿಸದೆ ಹೋಗುವ ಅಪಾಯ ಮುಚ್ಚಿದ ಹೆಡ್‌ಫೋನಿನಲ್ಲಿ ಇದ್ದೇ ಇದೆ. ಅದಕ್ಕೆ ಯಾವ ಕಂಪನಿಯೂ ಪರಿಹಾರ ಕಂಡುಹಿಡಿದಂತಿಲ್ಲ.

ಮೈಕಿನ ಪರೀಕ್ಷೆಗೆ ನಮ್ಮ ಸೀಮೆಯವರಷ್ಟು ಸುಸಜ್ಜಿತರು ಬೇರೆ ಇಲ್ಲ. ತರೀಕೆರೆಯ ಕೆರೆ ಏರಿಯ ಮೇಲೆ ಮೇಯುವ ಕುರಿಮರಿಗಳನ್ನು ಕುರಿತು ಮಕ್ಕಳ ನಾಲಗೆ ತೊಡರಿಸಲೆಂದೇ ಹುಟ್ಟಿದ ಆ ಮಾತನ್ನು ವೇಗವಾಗಿ ಹೇಳಿ, ಅತ್ತ ಕಡೆಯಲ್ಲಿರುವ ಗೆಳೆಯನಿಗೆ ಕಕಾರ ರಕಾರಗಳು ಬೇರೆಬೇರೆಯಾಗಿ ಕೇಳಿಸುತ್ತವೆಯೋ ಎಂದು ವಿಚಾರಿಸಿದರೆ ಸಾಕು.

ಆಟವನ್ನೇ ಕಾಲಹರಣವೆಂದು ಖಂಡಿಸುವ ಹಿರಿಯರೊಡನೆ ವಾದಕ್ಕಿಳಿಯಲು ನಾನು ಇಲ್ಲಿ ಸಿದ್ಧನಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ಸೇರಿಸಿದೆಯೆಂದು ಮಾತ್ರ ನೆನಪಿಸುವೆನು. ಆದರೆ ಅವರ ಒಂದು ಆಕ್ಷೇಪ ನ್ಯಾಯವಾದದ್ದು, ಅದು ಕಿವಿಯ ಆರೋಗ್ಯದ್ದು. ವಿಶ್ವ ಆರೋಗ್ಯ ಸಂಸ್ಥೆಯು ಪ್ರೌಢರಿಗೆ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆಗಳನ್ನು ಮೇರೆಯೆಂದು ಇಟ್ಟಿದೆ. ಮಕ್ಕಳಿಗೆ ಅಷ್ಟೇ ಅವಧಿಗೆ 75 ಡೆಸಿಬಲ್. ಮೂರು ಡೆಸಿಬಲ್ ಏರಿದಂತೆಲ್ಲ ಕ್ಷೇಮವಾದ ಅವಧಿ ಅರ್ಧವಾಗುತ್ತ ಹೋಗಿ, 89ರ ಹೊತ್ತಿಗೆ ಪ್ರೌಢರಿಗೂ ವಾರಕ್ಕೆ ಐದು ಗಂಟೆ ಮಾತ್ರ ಉಳಿಯುತ್ತದೆ. ವೈರಿಯ ಹೆಜ್ಜೆ ಕೇಳಿಸಲೆಂದು ಸದ್ದನ್ನು ಏರಿಸುವವನು ಹೆಜ್ಜೆಯ ಜೊತೆಗೆ ಬಾಂಬನ್ನೂ ಏರಿಸಿಕೊಂಡಿರುತ್ತಾನೆ. ಹಲವು ಆಟಗಳಲ್ಲಿ ರಾತ್ರಿಯ ವೇಳೆಗೆಂದು, ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣದನ್ನು ಎತ್ತುವ ಆಯ್ಕೆಯಿರುತ್ತದೆ; ಅದನ್ನು ಬಳಸಿಕೊಂಡರೆ ಕಿವಿಯೂ ಉಳಿಯುತ್ತದೆ, ಹೆಜ್ಜೆಯೂ ಕೇಳಿಸುತ್ತದೆ.

ಕೊಳ್ಳುವ ದಿನ ಮಾಡಬೇಕಾದದ್ದು ಇಷ್ಟು. ಎರಡು ಸ್ಪೀಕರುಗಳು ಪರಸ್ಪರ ಸಮಾನವಾಗಿರುವುದೇ ದಿಕ್ಕಿನ ಭ್ರಮೆಗೆಲ್ಲ ತಳಹದಿಯಾದುದರಿಂದ, ಅಂಗಡಿಯ ಲ್ಯಾಪ್‌ಟಾಪಿಗೋ ಪಿನ್ನಿನ ರಂಧ್ರವಿರುವ ಫೋನಿಗೋ ಹೆಡ್‌ಫೋನನ್ನು ಸಿಕ್ಕಿಸಿ, ಒಬ್ಬನೇ ಮಾತನಾಡುವ ವಾರ್ತೆಯನ್ನೋ ಭಾಷಣವನ್ನೋ ಕಣ್ಣು ಮುಚ್ಚಿ ಕೇಳಿರಿ: ಮಾತು ತಲೆಯ ನಟ್ಟನಡುವೆ ನಿಂತರೆ ಅದು ಕೊಳ್ಳತಕ್ಕದ್ದು, ಒಂದು ಪಕ್ಕಕ್ಕೆ ವಾಲಿದರೆ ಎಡಬಲಗಳನ್ನು ಅದಲುಬದಲಾಗಿ ತೊಟ್ಟು ಮತ್ತೊಮ್ಮೆ ಕೇಳಿ, ವಾಲಿಕೆಯೂ ಅದರೊಡನೆ ಪಕ್ಕ ಬದಲಿಸಿದರೆ ದೋಷ ಹೆಡ್‌ಫೋನಿನದು, ಬದಲಿಸದಿದ್ದರೆ ನಿಮ್ಮ ಕಿವಿಯದು ಎಂದು ತಿಳಿಯಿರಿ. ಪೆಟ್ಟಿಗೆಯನ್ನು ಒಡೆಯಲು ವರ್ತಕನು ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಬಹುದು. ಆನ್‌ಲೈನಿನಲ್ಲಿ ತರಿಸುವವರು ವಾಪಸು ಮಾಡುವ ಗಡುವು ಮುಗಿಯುವುದಕ್ಕೆ ಮುಂಚೆಯೇ ಈ ಪರೀಕ್ಷೆಯನ್ನು ಮುಗಿಸಿಕೊಳ್ಳತಕ್ಕದ್ದು.