ಆಕಾಶದ ರೈಲಿಗೆ ಯಾರ ಅಪ್ಪಣೆ?

ಕಾಮಸಮುದ್ರ ರೈಲು ದಾರಿಯ ಊರು. ಮೊನ್ನೆ ಸಂಜೆ ಆಕಾಶದಲ್ಲಿ ಸದ್ದಿಲ್ಲದೆ ಸಾಗಿದ ಚುಕ್ಕಿಗಳ ಸಾಲನ್ನೂ ಅಂಗಡಿ ಮುಂದೆ ನನ್ನ ಜೊತೆಗಿದ್ದವರು ‘ರೈಲು’ ಎಂದೇ ಕರೆದರು. ಅವು ಹೊಸದಾಗಿ ಉಡಾಯಿಸಿದ ಸ್ಟಾರ್‌ಲಿಂಕ್ ಉಪಗ್ರಹಗಳು. ನಮಗೆ ಸೂರ್ಯ ಮುಳುಗಿದರೂ ಆ ಎತ್ತರದಲ್ಲಿ ಬಿಸಿಲಿರುತ್ತದೆ. ಹೊಳೆಯುವುದು ಆ ಬಿಸಿಲೇ. 2019ರ ಮೇ ತಿಂಗಳಲ್ಲಿ ಮೊದಲ 60 ಹೋದವು, ಈಗ ಸಾವಿರಾರಿವೆ.

ಚೆಂದವಿತ್ತು, ನಿಜ. ಆದರೆ ಕೋಲಾರದವರು ಬರೀ ಚೆಂದಕ್ಕೆ ಮರುಳಾಗಬಾರದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂದದ್ದು ಚಿನ್ನದ ಗಣಿಗೆ, ಸುತ್ತಲ ಹಳ್ಳಿಗಲ್ಲ. ಲಾಭ ಲಂಡನ್ನಿನ ಷೇರುದಾರರಿಗೆ ಹೋಯಿತು. 2001ರಲ್ಲಿ ಗಣಿ ಮುಚ್ಚಿದಾಗ ನಮಗುಳಿದದ್ದು ಸೈನೈಡ್ ದಿಬ್ಬ.

‘ಹಳ್ಳಿಗೆ ಇಂಟರ್ನೆಟ್ ಬೇಡವೇ?’ ಎನ್ನುವವರಿದ್ದಾರೆ. ಬೇಕು. ಆದರೆ ತೆರುವ ಬೆಲೆಯನ್ನೂ ಹೇಳಿ. ಈ ಉಪಗ್ರಹಗಳ ಗೆರೆಗಳು ದೂರದರ್ಶಕಗಳ ಚಿತ್ರಗಳನ್ನು ಕೆಡಿಸುತ್ತಿವೆ ಎಂದು ಖಗೋಳ ವಿಜ್ಞಾನಿಗಳು ಎಚ್ಚರಿಸುತ್ತಲೇ ಇದ್ದಾರೆ. ಬಾಹ್ಯಾಕಾಶದ ಬಳಕೆ ಎಲ್ಲ ದೇಶಗಳ ಹಿತಕ್ಕಿರಬೇಕೆಂದು 1967ರ ಒಪ್ಪಂದ ಹೇಳುತ್ತದೆ. ಅಮೆರಿಕದ ಆಯೋಗವೊಂದರ ಪರವಾನಗಿಯಿಂದ ಇಡೀ ಭೂಮಿಯ ರಾತ್ರಿ ಬದಲಾಗುವುದು ಯಾರ ಹಿತ?

2025ರಲ್ಲಿ ಭಾರತವೂ ಪರವಾನಗಿ ಕೊಟ್ಟಿದೆ. ಸೇವೆಗೆ ಷರತ್ತು ಹಾಕುವ ಸರ್ಕಾರ ಹೊಳಪಿಗೂ ಮಿತಿ ಹಾಕಲಿ. ನೆಲದಡಿಯ ಚಿನ್ನ ಹೋಗುವಾಗ ನಮ್ಮನ್ನು ಯಾರೂ ಕೇಳಲಿಲ್ಲ; ತಲೆ ಮೇಲಿನ ಕತ್ತಲೆಯ ಲೆಕ್ಕವನ್ನಾದರೂ ನಾವೇ ಕೇಳಬೇಕು.