ಎರವಲಿನ ಮನಸ್ಸು

ರೋಜರ್ ವಾರ್ವಿಕ್ ಎಂಬುವನು ಒಬ್ಬ ರೈತ. ಹಿಂದೊಮ್ಮೆ ಪಟ್ಟಣದ ಕೊಳಚೆ ನೀರನ್ನು ಶುದ್ಧಿಮಾಡುತ್ತಿದ್ದ ಸ್ಥಾವರವೊಂದರ ಪಾಳು ತೊಟ್ಟಿಗಳ ನಡುವೆ ಅವನ ಬೇಸಾಯ. ಹೆಂಡತಿ ಜೂನ್, ಒಬ್ಬ ಮಗಳು, ಒಬ್ಬ ಮಗ, ಕೂಲಿಯಾಳು ಒಂದಿಬ್ಬರು, ಇಷ್ಟೇ ಅವನ ಸಂಸಾರ. ಮನುಷ್ಯ ಒಳ್ಳೆಯವನಲ್ಲ. ಕುಡುಕ, ಮನೆಮಂದಿಯ ಪಾಲಿಗೆ ಒರಟ. ಇಂಥವನು ಒಂದು ದಿನದಿಂದ ಬೇರೆಯೇ ಆಗಿಬಿಡುತ್ತಾನೆ. ನಡತೆ ಸೌಮ್ಯವಾಗುತ್ತದೆ, ಹೊಲದ ಬೆಳೆಯ ಮೇಲೆ ಹಿಂದೆಂದೂ ಇಲ್ಲದ ಅಕ್ಕರೆ ಮೂಡುತ್ತದೆ. ಮನೆಯವರು ದೇವರು ಕಣ್ಣು ಬಿಟ್ಟನೆಂದು ತಿಳಿದರೆ ತಪ್ಪೇನು? ಆಳುಗಳಲ್ಲಿ ಬಿಲ್ ಸಟನ್ ಎಂಬುವನಿಗೆ ಮಾತ್ರ ಸಂಶಯ. ಇಷ್ಟು ವರ್ಷ ಇಲ್ಲದ ಸದ್ಗುಣ ಒಮ್ಮೆಗೇ ಎಲ್ಲಿಂದ ಬಂತು? ಅವನ ಸಂಶಯ ನಿಜ. ಹಳೆಯ ರೋಜರ್ ಸತ್ತು ಹೋಗಿದ್ದಾನೆ. ಅವನನ್ನು ಇಲ್ಲವಾಗಿಸಿದವರೇ ಅವನ ರೂಪದ, ಅವನ ಧ್ವನಿಯ ಕೃತಕ ಮಾನವನೊಬ್ಬನನ್ನು ಆ ಮನೆಗೆ ಕಳುಹಿಸಿದ್ದಾರೆ.

ಇದು ‘ಫಾಲೌಟ್ 4’ ಎಂಬ ವಿಡಿಯೋ ಆಟದಲ್ಲಿ ದಾರಿಯ ಬದಿಗೆ ಸಿಕ್ಕುವ ಒಂದು ಉಪಕಥೆ. ಅಮೆರಿಕದ ಬೆಥೆಸ್ಡಾ ಸಂಸ್ಥೆಯವರು ಈ ಆಟವನ್ನು 2015ರ ನವೆಂಬರ್ 10ರಂದು ಹೊರತಂದರು. ವಿಡಿಯೋ ಆಟವೆಂದರೆ ಮಕ್ಕಳ ಪರೀಕ್ಷೆಗೆ ಶತ್ರುವೆಂದಷ್ಟೇ ಬಲ್ಲ ಹಿರಿಯರು ಇದನ್ನು ಓದುಗನೇ ನಾಯಕನಾಗಿ ಒಳಹೊಕ್ಕು ಅಲೆದಾಡಬಹುದಾದ ಒಂದು ದೊಡ್ಡ ಧಾರಾವಾಹಿಯೆಂದು ಭಾವಿಸಿಕೊಂಡರೆ ಸಾಕು. ಅದರ ಕಥೆಯಲ್ಲಿ 2077ರ ಅಕ್ಟೋಬರ್ 23ರಂದು ಅಣುಯುದ್ಧವಾಗಿ ಜಗತ್ತು ಸುಟ್ಟುಹೋಗಿದೆ. ಆ ದಿನ ಬಾಸ್ಟನ್ ನಗರದ ಸಮೀಪದಲ್ಲಿ ಒಂದು ಕುಟುಂಬವು ನೆಲಮಾಳಿಗೆಯೊಂದಕ್ಕೆ ಓಡಿಹೋಗಿ, ಅಲ್ಲಿ ಮೋಸದಿಂದ ಹಿಮನಿದ್ರೆಗೆ ಈಡಾಗುತ್ತದೆ. ನಡುವೆ ಯಾರೋ ಬಂದು ದಂಪತಿಗಳಲ್ಲಿ ಒಬ್ಬರನ್ನು ಕೊಂದು ಕೈಗೂಸನ್ನು ಒಯ್ಯುತ್ತಾರೆ. ಉಳಿದವರು, ತಾಯಿಯೋ ತಂದೆಯೋ ಆಡುವವರ ಇಷ್ಟ, 2287ರಲ್ಲಿ ಎಚ್ಚೆತ್ತು ಮಗುವನ್ನು ಹುಡುಕುತ್ತ ಹೊರಡುತ್ತಾರೆ.

ಹೊರಟವರಿಗೆ ಎಲ್ಲೆಲ್ಲಿಯೂ ಒಂದೇ ಭಯ ಎದುರಾಗುತ್ತದೆ. ಬೇಸ್‌ಬಾಲ್ ಆಟದ ಫೆನ್‌ವೇ ಪಾರ್ಕ್ ಮೈದಾನದೊಳಗೆ ಜನರು ಕಟ್ಟಿಕೊಂಡಿರುವ ಡೈಮಂಡ್ ಸಿಟಿಯಲ್ಲಿ ಅಣ್ಣ ತಮ್ಮನನ್ನು ನಂಬುವುದಿಲ್ಲ. ಹಳೆಯ ತಂತ್ರವಿದ್ಯಾ ಕಾಲೇಜಿನ ಅವಶೇಷದ ಕೆಳಗೆ, ನೆಲದಾಳದಲ್ಲಿ, ‘ಇನ್‌ಸ್ಟಿಟ್ಯೂಟ್’ ಎಂಬ ವಿಜ್ಞಾನಿಗಳ ಗುಪ್ತ ನಗರವಿದೆ. ಅಲ್ಲಿ ತಯಾರಾಗುವ ಕೃತಕ ಮಾನವರಿಗೆ ‘ಸಿಂಥ್’ ಎಂದು ಹೆಸರು. ಮೊದಲ ಎರಡು ತಲೆಮಾರಿನವರು ಲೋಹ, ಪ್ಲಾಸ್ಟಿಕ್ಕಿನ ಬೊಂಬೆಗಳು, ಕಂಡೊಡನೆ ಗುರುತು ಸಿಕ್ಕುವಂಥವರು. ಮೂರನೆಯ ತಲೆಮಾರಿನವರು ರಕ್ತಮಾಂಸದವರು. ಅಣುವಿಕಿರಣ ಸೋಕದ ಶುದ್ಧ ವಂಶಧಾತು ಬೇಕಾಗಿ ಕದ್ದೊಯ್ದ ಆ ಕೂಸಿನ ದೇಹದಿಂದಲೇ ಅವರೆಲ್ಲರ ಬೀಜ. ತಲೆಯೊಳಗೆ ಹುದುಗಿಸಿದ ಸಣ್ಣ ಯಂತ್ರಭಾಗವೊಂದನ್ನು ಬಿಟ್ಟರೆ ಅವರಿಗೂ ಮನುಷ್ಯರಿಗೂ ಕಣ್ಣಿಗೆ ಕಾಣುವ ಭೇದವಿಲ್ಲ. ಅದಾದರೂ ಕಾಣುವುದು ಸತ್ತ ಮೇಲೆ.

‘ರೋಬೋಟ್’ ಎಂಬ ಶಬ್ದವನ್ನು ಲೋಕಕ್ಕೆ ಕೊಟ್ಟ ಚೆಕ್ ನಾಟಕಕಾರ ಕಾರೆಲ್ ಚಾಪೆಕ್ಕನ 1920ರ ನಾಟಕದಲ್ಲಿಯೂ ಕೃತಕ ಮಾನವರು ತಗಡಿನವರಲ್ಲ, ಮಾಂಸದಂಥ ವಸ್ತುವಿನಿಂದ ಮಾಡಿದವರು. ಆ ಶಬ್ದದ ಮೂಲಕ್ಕೆ ನಮ್ಮ ‘ಬಿಟ್ಟಿ ಚಾಕರಿ’ ಎಂಬುದು ಸರಿಯಾದ ಅರ್ಥ. ಇನ್‌ಸ್ಟಿಟ್ಯೂಟಿನಲ್ಲಿ ಕಸ ಗುಡಿಸುವುದರಿಂದ ಮೊದಲ್ಗೊಂಡು ಕೊಲೆಯವರೆಗೆ ಎಲ್ಲ ಬಿಟ್ಟಿಯೂ ಸಿಂಥ್‌ಗಳದೇ. ಅಲ್ಲಿಯ ವಿದ್ವಾಂಸರು ಅವರನ್ನು ಕುರಿತು ‘ಅದು’ ಎಂದೇ ಮಾತಾಡುತ್ತಾರೆ. ಮನುಷ್ಯರಿಗೆ ಅವನು, ಅವಳು. ಉಳಿದುದೆಲ್ಲಕ್ಕೂ ಅದು ಎಂದು ವಿಭಾಗಿಸುವ ಕನ್ನಡದ ವ್ಯಾಕರಣವನ್ನು ಬಲ್ಲವರಿಗೆ ಆ ಒಂದು ಸರ್ವನಾಮದೊಳಗೆ ಎಷ್ಟು ಅಡಗಿದೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವರು ಮನುಷ್ಯರನ್ನು ತೆಗೆದು ಸಿಂಥ್‌ಗಳನ್ನು ಏಕೆ ಇಡುತ್ತಾರೆ? ಇಲ್ಲಿ ಆಟದ ಕಥನ ಸೊರಗಿದೆಯೆಂದೇ ಹೇಳಬೇಕು. ಮಾನವಕುಲಕ್ಕೆ ಹೊಸ ಅರ್ಥ ಬರೆಯುತ್ತೇವೆಂಬ ಘೋಷವಾಕ್ಯ ಇನ್‌ಸ್ಟಿಟ್ಯೂಟಿಗಿದೆ. ಆ ಅರ್ಥವೇನೆಂದು ಕೇಳಿದರೆ ಅದರ ಮುಖ್ಯಸ್ಥನೂ ಸ್ಪಷ್ಟವಾಗಿ ಹೇಳಲಾರ. ಡೈಮಂಡ್ ಸಿಟಿಯ ಮೇಯರನ ಜಾಗದಲ್ಲಿ ತಮ್ಮವನನ್ನು ಕೂರಿಸಿದ್ದು ರಾಜಕಾರಣ, ಅದು ಅರ್ಥವಾಗುತ್ತದೆ. ಬಡ ರೈತ ರೋಜರನನ್ನು ಕೊಂದದ್ದೇತಕ್ಕೆ? ಹೊಸ ತಳಿಯ ಬೀಜವೊಂದನ್ನು ನಿಜವಾದ ಹೊಲದಲ್ಲಿ ಬೆಳೆದು ನೋಡುವುದಕ್ಕೆ! ಒಂದು ಮಾತು ಕೇಳಿ, ಒಂದಿಷ್ಟು ಹಣ ಕೊಟ್ಟಿದ್ದರೆ ಆಗುತ್ತಿದ್ದ ಕೆಲಸವಿದು. ಕಥೆ ಬರೆದವರ ಕೈಯಲ್ಲಿ ಇದು ಸಡಿಲವಾಗಿ ಕಂಡರೂ, ಕೇಳಿ ಪಡೆಯುವ ಅಭ್ಯಾಸವೇ ತಪ್ಪಿಹೋದ ಪ್ರಭುಗಳು ಲೋಕದಲ್ಲಿ ಇಲ್ಲದಿಲ್ಲ.

ಹೀಗೆ ಮಾಡಿದವರ ಉದ್ದೇಶ ಇಷ್ಟು ಅಲ್ಪವಾಗಿರುವಾಗ, ಮಾಡಲ್ಪಟ್ಟವನ ಮನಸ್ಸು ಎಂಥದು ಎಂಬುದೇ ಸ್ವಾರಸ್ಯದ ಪ್ರಶ್ನೆ. ಹೊಸ ರೋಜರನಿಗೆ ಹಾಕಿಕೊಟ್ಟ ಕಟ್ಟಳೆ ಬೀಜವನ್ನು ಕಾಯುವುದು. ಜೂನಳನ್ನೂ ಮಕ್ಕಳನ್ನೂ ಚೆನ್ನಾಗಿ ನೋಡಿಕೊಳ್ಳುವುದು ಆ ಕಟ್ಟಳೆಗೆ ಅವಶ್ಯವೇ ಅಲ್ಲ. ಹಳೆಯ ಒರಟುತನವನ್ನೇ ನಟಿಸಿದ್ದರೆ ಸಂಶಯಕ್ಕೆ ಎಡೆಯೂ ಇರುತ್ತಿರಲಿಲ್ಲ. ಪುರಾಣದಲ್ಲಿ ಸಂಜ್ಞಾದೇವಿಯು ಸೂರ್ಯನ ತಾಪವನ್ನು ತಾಳಲಾರದೆ ತನ್ನ ನೆರಳನ್ನೇ ತನ್ನ ರೂಪದಲ್ಲಿ ಮನೆಯಲ್ಲಿ ನಿಲ್ಲಿಸಿ ಹೋದಳಷ್ಟೆ. ಆ ಛಾಯಾದೇವಿಯ ಗುಟ್ಟು ರಟ್ಟಾದುದು ಸಂಜ್ಞೆಯ ಮಕ್ಕಳಿಗೆ ಅವಳು ತೋರಿದ ಭೇದಭಾವದಿಂದ. ರೋಜರನ ಗುಟ್ಟು ರಟ್ಟಾಗುವುದು ಅವನ ಒಳ್ಳೆಯತನದಿಂದ. ಬಿಲ್ ಸಟನ್ ಬಂದೂಕು ಹಿಡಿದು ನಿಂತಾಗ ಆಡುವವರು ತೀರ್ಮಾನಿಸಬೇಕು. ಕೊಲೆಯಾದವನಿಗೆ ನ್ಯಾಯ ಬೇಕೆಂದರೆ ಆ ಮಕ್ಕಳು ಮತ್ತೊಮ್ಮೆ ತಂದೆಯನ್ನು ಕಳೆದುಕೊಳ್ಳುತ್ತಾರೆ, ಅದೂ ಈ ಸಲ ಒಳ್ಳೆಯ ತಂದೆಯನ್ನು. ಸುಮ್ಮನಿದ್ದರೆ ಜೂನ್ ತಿಳಿಯದೆ ತನ್ನ ಗಂಡನ ಹಂತಕರ ಕೈಗೊಂಬೆಯೊಡನೆ ಬಾಳಬೇಕು. ಯಾವುದನ್ನು ಆರಿಸಿದರೂ ಮನಸ್ಸಿಗೆ ಸಮಾಧಾನವಿಲ್ಲ.

ಸಿಂಥ್‌ಗಳನ್ನು ಪತ್ತೆಮಾಡಲು ಜನರು ಹೂಡುವ ಉಪಾಯಗಳು ಭಯಂಕರ. 2229ರಲ್ಲಿ ಡೈಮಂಡ್ ಸಿಟಿಗೆ ಬಂದಿದ್ದ ಕಾರ್ಟರ್ ಎಂಬ ನಗುಮೊಗದ ಅತಿಥಿ ಮದ್ಯದಂಗಡಿಯಲ್ಲಿ ಹರಟುತ್ತಿದ್ದವನು ಹಠಾತ್ತನೆ ಬಂದೂಕು ತೆಗೆದು ಜನರನ್ನು ಕೊಂದ. ಅವನು ಸತ್ತ ಮೇಲೆ ಒಳಗೆ ಪ್ಲಾಸ್ಟಿಕ್ಕು, ಲೋಹ ಕಂಡವು. ಅಂದು ತಂದೆತಾಯಿಯನ್ನು ಕಳೆದುಕೊಂಡ ಡಾಕ್ಟರಿಣಿಯೊಬ್ಬಳು ಕವೆನೆಂಟ್ ಎಂಬ ಚೊಕ್ಕ ಹಳ್ಳಿಯ ಆಶ್ರಯದಲ್ಲಿ ದಾರಿಹೋಕರನ್ನು ಹಿಡಿದು, ಪ್ರಶ್ನೆ ಕೇಳಿ, ಹಿಂಸಿಸಿ, ಸಿಂಥ್ ಹೌದೋ ಅಲ್ಲವೋ ಎಂದು ಪರೀಕ್ಷಿಸುತ್ತಾಳೆ. ಪರೀಕ್ಷೆಯಲ್ಲಿ ಸತ್ತವರಲ್ಲಿ ಮನುಷ್ಯರಿಗೇನೂ ಕೊರತೆಯಿಲ್ಲ.

ಇನ್ನೊಂದು ಕಡೆ ಸಿಂಥ್‌ಗಳನ್ನು ಬಿಡಿಸುವ ‘ರೈಲ್‌ರೋಡ್’ ಎಂಬ ಗುಪ್ತ ಸಂಘವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಗುಲಾಮರನ್ನು ಮನೆಯಿಂದ ಮನೆಗೆ ಸಾಗಿಸಿ ಸ್ವತಂತ್ರರನ್ನಾಗಿ ಮಾಡುತ್ತಿದ್ದವರ ವ್ಯವಸ್ಥೆಗೆ ಇದ್ದ ಹೆಸರೇ ಅದು. ಕಥೆ ಬಾಸ್ಟನ್ನಿನಲ್ಲಿ ನಡೆಯುವುದು ಆಕಸ್ಮಿಕವಲ್ಲ. ವರ್ಜೀನಿಯದಿಂದ ತಪ್ಪಿಸಿಕೊಂಡು ಬಂದಿದ್ದ ಆಂಟನಿ ಬರ್ನ್ಸ್ ಎಂಬ ಗುಲಾಮನನ್ನು 1854ರಲ್ಲಿ ಅದೇ ನಗರದಲ್ಲಿ ಹಿಡಿದು, 1850ರ ಕಾನೂನಿನ ಬಲದಿಂದ, ಬೀದಿಯುದ್ದಕ್ಕೂ ಸೈನಿಕರನ್ನು ನಿಲ್ಲಿಸಿ ಒಡೆಯನಿಗೆ ಹಿಂದಿರುಗಿಸಿದರು. ಆಟದೊಳಗಿನ ಸಂಘದ ಅಡಗುತಾಣವೂ ನಗರದ ಹಳೆಯ ನಾರ್ತ್ ಚರ್ಚಿನ ನೆಲಮಾಳಿಗೆಯಲ್ಲಿದೆ.

ಇಷ್ಟು ಉದಾತ್ತರಾದ ಇವರು ಮಾಡುವ ಉಪಕಾರದಲ್ಲೊಂದು ಮುಳ್ಳು. ಬಿಡುಗಡೆಯಾದ ಸಿಂಥ್ ಸಿಕ್ಕಿಬೀಳದಿರಲೆಂದು ಅವನ ಮುಖವನ್ನು ಬದಲಾಯಿಸಿ, ನೆನಪನ್ನು ಅಳಿಸಿ, ಬೇರೊಬ್ಬನ ನೆನಪನ್ನು ತುಂಬಿ ಕಳುಹಿಸುತ್ತಾರೆ. ಬದುಕಬೇಕೆಂದು ಓಡಿಬಂದವನು ಒಬ್ಬ, ಬದುಕುವವನು ಇನ್ನೊಬ್ಬ. ಜಿ5-19 ಎಂಬವಳ ಮಿದುಳು ಈ ಪ್ರಯತ್ನದಲ್ಲಿ ಶೂನ್ಯವಾಗಿ, ಉಸಿರಾಡುವ ದೇಹವಷ್ಟೇ ಉಳಿಯಿತು. ಅವಳ ಗೆಳತಿ ಗ್ಲೋರಿ, ತಾನೂ ಸಿಂಥ್, ನೆನಪನ್ನು ಅಳಿಸಿಕೊಳ್ಳಲು ಒಪ್ಪದೆ ಸಂಘದಲ್ಲಿಯೇ ಉಳಿದು ಹೋರಾಡುತ್ತಾಳೆ. ಅವಳ ಪಾಲಿಗೆ ದಾಸ್ಯದ ನೆನಪೂ ತನ್ನದೇ ಆಸ್ತಿ.

ಇದಕ್ಕೆ ನೇರ ವಿರುದ್ಧವಾದ ಪ್ರಸಂಗ ಡ್ಯಾನ್ಸ್ ಎಂಬ ಯೋಧನದು. ಸಿಂಥ್‌ಗಳನ್ನು ನಿರ್ನಾಮ ಮಾಡುವ ಸೈನ್ಯವೊಂದರಲ್ಲಿ ಅವನು ಮುಖಂಡ. ದ್ವೇಷದಲ್ಲಿ ಯಾರಿಗೂ ಕಡಿಮೆಯಿಲ್ಲ. ಇನ್‌ಸ್ಟಿಟ್ಯೂಟಿನ ದಾಖಲೆಯೊಂದು ಕೈಗೆ ಸಿಕ್ಕಿದಾಗ ತಾನೇ ಎಂ7-97 ಎಂಬ ಸಿಂಥ್ ಎಂದು ತಿಳಿಯುತ್ತದೆ. ಅವನನ್ನು ಕೊಲ್ಲಲು ಹೋದವರೆದುರು ಅವನು ಜೀವ ಬೇಡುವುದಿಲ್ಲ. ತನ್ನನ್ನು ಕೊಲ್ಲುವುದೇ ಧರ್ಮವೆಂದು ವಾದಿಸುತ್ತಾನೆ. ನಂಬಿದ ತತ್ತ್ವಕ್ಕೆ ತನ್ನನ್ನೇ ಬಲಿಕೊಡಲು ನಿಂತವನನ್ನು ಯಂತ್ರವೆಂದು ಕರೆಯಲು ಎದುರಿನವರಿಗೆ ಬಾಯಿ ಬರಬೇಕಲ್ಲ!

ಆದರೆ ಈ ಲೋಕದ ಅತ್ಯಂತ ಆಪ್ತನಾದ ವ್ಯಕ್ತಿ ನಿಕ್ ವ್ಯಾಲೆಂಟೈನ್. ಹಳೆಯ ಮಾದರಿಯ ಸಿಂಥ್. ಮುಖದ ಚರ್ಮ ಹರಿದಿದೆ, ಒಂದು ಕೈಯಲ್ಲಿ ಲೋಹದ ಎಲುಬು ಕಾಣುತ್ತದೆ, ಕಣ್ಣು ಹಳದಿಯಾಗಿ ಹೊಳೆಯುತ್ತದೆ. ಡೈಮಂಡ್ ಸಿಟಿಯಲ್ಲಿ ಅವನು ಪತ್ತೇದಾರ, ಕಳೆದುಹೋದವರನ್ನು ಹುಡುಕಿಕೊಡುತ್ತಾನೆ. ಸಿಂಥ್ ಎಂದರೆ ನಡುಗುವ ಊರು ಎದ್ದು ಕಾಣುವ ಈ ಸಿಂಥ್‌ನನ್ನು ನಂಬುತ್ತದೆ. ಭಯ ಕೃತಕತೆಯದಲ್ಲ, ಮರೆಯದು. ನಿಕ್ಕನ ತಲೆಯಲ್ಲಿರುವುದು ಯುದ್ಧಕ್ಕೆ ಮೊದಲು ಬದುಕಿದ್ದ ಪೊಲೀಸ್ ಅಧಿಕಾರಿಯೊಬ್ಬನ ನೆನಪು. ಆ ಅಧಿಕಾರಿಯ ವಾಗ್ದತ್ತ ವಧು ಜೆನ್ನಿಯನ್ನು ಎಡ್ಡಿ ವಿಂಟರ್ ಎಂಬ ಪಾತಕಿ ಕೊಲ್ಲಿಸಿದ್ದ. ಪಾತಕಿ ಅಣುವಿಕಿರಣದಿಂದ ವಿಕಾರನಾಗಿ, ಸಾವಿಲ್ಲದೆ, ಇನ್ನೂರು ವರ್ಷಗಳಿಂದ ನೆಲಮನೆಯೊಂದರಲ್ಲಿ ಅಡಗಿದ್ದಾನೆ. ನಿಕ್ ಎಂದೂ ಕಾಣದ ಹೆಣ್ಣಿಗಾಗಿ, ತನ್ನದಲ್ಲದ ಪ್ರೀತಿಗಾಗಿ, ಅವನನ್ನು ಹುಡುಕಿ ಹೋಗಿ ಲೆಕ್ಕ ತೀರಿಸುತ್ತಾನೆ. ಆಮೇಲೆ ಅವಳು ಬಿದ್ದ ಜಾಗಕ್ಕೆ ಹೋಗಿ ನಿಂತಾಗ ಅವನಿಗೆ ಅನಿಸುವುದು ಇಷ್ಟು: ನೆನಪು ಎರವಲಿನದಾಗಿದ್ದರೂ ಮಾಡಿದ ಕೆಲಸ ತನ್ನದು.

2016ರಲ್ಲಿ ಬಂದ ‘ಫಾರ್ ಹಾರ್ಬರ್’ ಎಂಬ ಮುಂದುವರಿದ ಭಾಗದಲ್ಲಿ ನಿಕ್ಕನಿಗೊಬ್ಬ ಅಣ್ಣ ಸಿಕ್ಕುತ್ತಾನೆ. ಡಿಮಾ ಎಂದು ಅವನ ಹೆಸರು. ಇಬ್ಬರೂ ಒಂದೇ ಪ್ರಯೋಗದ ಎರಡು ಕವಲು. ನಿಕ್ಕನಿಗೆ ಸತ್ತವನ ಪೂರ್ಣ ಮನಸ್ಸನ್ನು ತುಂಬಿದರು. ಡಿಮಾನನ್ನು ತನ್ನ ಅನುಭವದಿಂದಲೇ ಬೆಳೆಯಲು ಬಿಟ್ಟರು. ಸ್ವತಂತ್ರವಾಗಿ ಅರಳಿದ ಮನಸ್ಸೇ ಹೆಚ್ಚು ಶುದ್ಧವಾಗಿರಬೇಕೆಂದು ಯಾರೂ ನಿರೀಕ್ಷಿಸುತ್ತಾರೆ. ಡಿಮಾ ಉತ್ತರದ ಮೇಯ್ನ್ ತೀರದ ದ್ವೀಪವೊಂದರ ವೀಕ್ಷಣಾಲಯದಲ್ಲಿ ಓಡಿಬಂದ ಸಿಂಥ್‌ಗಳಿಗೆ ಆಶ್ರಮದಂಥ ತಾಣವನ್ನು ಕಟ್ಟಿದ್ದಾನೆ. ಮಾತು ಮೆಲು, ಕರುಣೆ ಅಪಾರ. ಆದರೆ ಪಕ್ಕದ ಬಂದರಿನ ಊರಿನೊಡನೆ ಶಾಂತಿ ಉಳಿಯಲೆಂದು ಅವನು ಅಲ್ಲಿಯ ನಾಯಕಿ ಕ್ಯಾಪ್ಟನ್ ಏವರಿಯನ್ನು ಕೊಂದು ಅವಳ ರೂಪದ ಸಿಂಥ್ ಒಬ್ಬಳನ್ನು ಅಲ್ಲಿ ಇಟ್ಟಿದ್ದಾನೆ. ತಾನು ಬಿಟ್ಟು ಓಡಿಬಂದ ಇನ್‌ಸ್ಟಿಟ್ಯೂಟ್ ಮಾಡುವ ಅದೇ ಕೃತ್ಯ. ಬಳಿಕ ಆ ನೆನಪನ್ನು ತನ್ನಿಂದ ಹೊರತೆಗೆದು, ದೂರದ ಹಳೆಯ ನೌಕಾನೆಲೆಯ ಯಂತ್ರದಲ್ಲಿ ಬಚ್ಚಿಟ್ಟು, ತಾನು ಮರೆತು, ನಿರ್ಮಲ ಮನಸ್ಸಿನಿಂದ ಉಪದೇಶಮಾಡುತ್ತ ಕುಳಿತಿದ್ದಾನೆ. ಗುಟ್ಟು ಹೊರಬಿದ್ದ ಮೇಲೂ ಇನ್ನೊಬ್ಬ ನಾಯಕನನ್ನು ಅದೇ ರೀತಿ ಬದಲಿಸುವುದೇ ಲೇಸೆಂದು ಸಲಹೆ ಕೊಡುತ್ತಾನೆ. ಪಾಪವನ್ನು ಮರೆಯಲು ಮನುಷ್ಯನಿಗೆ ಇಡೀ ಜೀವಮಾನ ಬೇಕು. ಯಂತ್ರಕ್ಕೆ ಒಂದು ಗಳಿಗೆ ಸಾಲುತ್ತದೆ. ಭೇದವೆಂದರೆ ಇಷ್ಟೇ ಇರಬಹುದು.

ಇನ್ನು ಕಳೆದುಹೋದ ಕೂಸಿನ ಮಾತು. ಶಾನ್ ಎಂಬ ಆ ಕೂಸು ಒಯ್ಯಲ್ಪಟ್ಟದ್ದು 2227ರಲ್ಲಿ. ಹುಡುಕಿ ಬಂದವರೆದುರು ಅರುವತ್ತು ವರ್ಷದ ಮುದುಕನಾಗಿ, ಇನ್‌ಸ್ಟಿಟ್ಯೂಟಿನ ಮುಖ್ಯಸ್ಥನಾಗಿ, ಅವನೇ ನಿಲ್ಲುತ್ತಾನೆ. ರೋಗದಿಂದ ಸಾಯುತ್ತಿರುವ ಅವನು ತನ್ನ ಬಾಲ್ಯದ ಮುಖವುಳ್ಳ ಹತ್ತು ವರ್ಷದ ಸಿಂಥ್ ಬಾಲಕನೊಬ್ಬನನ್ನು ಮಾಡಿಸಿದ್ದಾನೆ. ಇನ್‌ಸ್ಟಿಟ್ಯೂಟನ್ನು ಸ್ಫೋಟಿಸಿ ಹೊರಡುವ ಕೊನೆಯ ಗಳಿಗೆಯಲ್ಲಿ ಆ ಬಾಲಕ ಓಡಿಬಂದು, ತನ್ನನ್ನೂ ಕರೆದೊಯ್ಯಬೇಕೆಂದು ಅಂಗಲಾಚುತ್ತಾನೆ. ಎದುರಿಗಿರುವವರು ತನ್ನ ಹೆತ್ತವರೆಂಬ ನಂಬಿಕೆಯನ್ನು ಅವನ ತಲೆಯೊಳಗೆ ತುಂಬಿಟ್ಟವನು ಆ ಮುದುಕನೇ. ಬಿಟ್ಟುಹೋಗುವುದಕ್ಕೂ ಆಟದಲ್ಲಿ ಅವಕಾಶವುಂಟು.

ಕರೆದೊಯ್ದರೆ ಅವನು ಮನೆಯಲ್ಲಿ ಸುಮ್ಮನೆ ಕೂರುವವನಲ್ಲ. ಹಾಳುಬಿದ್ದ ಊರುಗಳಿಂದ ಇಂಥಿಂಥ ಹಳೆಯ ಬಿಡಿಭಾಗಗಳನ್ನು ತಂದುಕೊಡಬೇಕೆಂದು ಕೇಳುತ್ತಾನೆ. ತಂದುಕೊಟ್ಟದ್ದನ್ನೆಲ್ಲ ಬಿಚ್ಚಿ, ಜೋಡಿಸಿ, ಏನನ್ನಾದರೂ ಮಾಡುತ್ತಾನೆ. ಮಾಡಿದ್ದನ್ನು ತಂದು ಹೆತ್ತವರ ಕೈಗೇ ಕೊಡುತ್ತಾನೆ.