ವೆಲ್ಡಿಂಗ್ ಮೇಲೆ ಪೇಂಟ್ ಹೊಡೆದವನನ್ನು ಬಿಟ್ಟು, ಕೊಂಡವರನ್ನು ಬೈಯುವುದೇಕೆ?

“ನೋಡಿ ತಗೋಬೇಕಿತ್ತು.”

ಕಳೆದ ಜೂನ್‌ನಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಮಾರಿದವನು ಹೇಳಿದ. ಆ್ಯಪ್‌ನವರು ಇಂಗ್ಲಿಷಿನಲ್ಲಿ ಹೇಳಿದರು. ಠಾಣೆಯಲ್ಲಿ ಹೇಳಿದರು. ಕೊನೆಗೆ ನಮ್ಮ ಭಾವನವರೂ ಹೇಳಿದರು. ಈ ಬರಹ ಆ ಮಾತಿನ ವಿರುದ್ಧ.

ನಡೆದದ್ದು ಇಷ್ಟು. ನಾವಿರುವುದು ಸಿರುಗುಪ್ಪದಲ್ಲಿ. ಅಕ್ಕನ ಮನೆ ಕುರುಗೋಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಕ್ಕನ ಮಗಳು ಈ ವರ್ಷ ಎಂಟನೇ ತರಗತಿಗೆ ಬಂದಳು. ಹೈಸ್ಕೂಲು ಮನೆಯಿಂದ ನಾಲ್ಕು ಕಿಲೋಮೀಟರ್. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಉಚಿತ, ಸರಿ. ಆದರೆ ಶಾಲೆಯ ಹೊತ್ತಿಗೆ ಬಸ್ಸು ಬರಬೇಕಲ್ಲ? 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತ್ತು. ನಮ್ಮ ಓರಗೆಯವರ ತಮ್ಮ ತಂಗಿಯರು ಅದನ್ನು ತುಳಿದೇ ಹೈಸ್ಕೂಲು ಮುಗಿಸಿದರು. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತಿತು. ಅಕ್ಕನ ಮಗಳಿಗೆ ಸೈಕಲ್ ಸಿಗಲಿಲ್ಲ.

ಹಾಗಾಗಿ ಮೊಬೈಲ್‌ನಲ್ಲಿ ಹುಡುಕಿದೆವು. ಹಳೆ ವಸ್ತು ಮಾರುವ ಆ್ಯಪ್‌ನಲ್ಲಿ ಬಳ್ಳಾರಿ ನಗರದ ಒಂದು ಲೇಡೀಸ್ ಸೈಕಲ್ ಕಂಡಿತು. ಫೋಟೊದಲ್ಲಿ ಪಳಪಳ ಹೊಳೆಯುತ್ತಿತ್ತು. ಬೆಲೆ 3,500 ರೂಪಾಯಿ. ಮೆಸೇಜ್ ಹಾಕಿ ಕೇಳಿದೆವು: “ರಿಪೇರಿ ಏನಾದ್ರೂ ಐತೇನ್ರಿ?” ಉತ್ತರ ಬಂತು: “ಏನೂ ಇಲ್ಲ ಸಾರ್. ಮನೆಯವರು ಓಡಿಸಿದ್ದು. ಒಂದು ವರ್ಷನೂ ಆಗಿಲ್ಲ. ತಗಂಡು ತುಳಿಯೋದಷ್ಟೇ.”

ಬಸ್ ಹತ್ತಿ ಬಳ್ಳಾರಿಗೆ ಹೋದೆವು. ಒಂದು ಬಡಾವಣೆಯ ಮೂಲೆಯಲ್ಲಿ, ಸಂಜೆ ಕತ್ತಲಾದ ಮೇಲೆ, ಬೀದಿದೀಪದ ಕೆಳಗೆ ಸೈಕಲ್ ಕೈಗೆ ಬಂತು. ಬ್ರೇಕ್ ಹಿಡಿದು ನೋಡಿದೆವು. ಬೆಲ್ಲು ಹೊಡೆದೆವು. ಒಂದು ಸುತ್ತು ಓಡಿಸಿದೆವು. ಫೋನಿನಲ್ಲೇ ದುಡ್ಡು ಕಳಿಸಿ, ಮರುದಿನ ಬಸ್ಸಿನ ಮೇಲೆ ಹಾಕಿ ಕುರುಗೋಡಿಗೆ ಒಯ್ದೆವು.

ನಾಲ್ಕನೇ ದಿನ ಹುಡುಗಿ ಕಾಲುವೆ ಏರಿಯ ಮೇಲೆ ಬರುವಾಗ ಹ್ಯಾಂಡಲ್ ಒಂದು ಕಡೆ ಎಳೆಯಿತು, ಮುಂದಿನ ಗಾಲಿ ಓರೆಯಾಯಿತು, ಅವಳು ಏರಿಯಿಂದ ಕೆಳಗೆ ಜಾರಿದಳು. ಮೊಣಕಾಲು, ಅಂಗೈ ತರಚಿತು, ಅಷ್ಟೇ. ಅದು ಜೂನ್ ತಿಂಗಳು, ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ. ತುಂಗಭದ್ರಾ ಕಾಲುವೆ ಆಗಸ್ಟ್‌ನಲ್ಲಿ ಹೇಗೆ ತುಂಬಿ ಹರಿಯುತ್ತದೆ ಎಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ.

ಕುರುಗೋಡಿನ ಸೈಕಲ್ ಶಾಪ್‌ನಲ್ಲಿ ಮಿಸ್ತ್ರಿ ಗಾಲಿ ಬಿಚ್ಚಿ, ಮುಂದಿನ ಫೋರ್ಕನ್ನು ಉಗುರಿನಿಂದ ಕೆರೆದು ತೋರಿಸಿದರು. “ನೋಡ್ರಣ್ಣಾ, ಇಲ್ಲಿ ಮೊದ್ಲೇ ಮುರಿದೈತೆ. ವೆಲ್ಡಿಂಗ್ ಮಾಡ್ಸಿ ಮೇಲೆ ಪೇಂಟ್ ಹೊಡ್ದಾರೆ. ಈಗ ಅದೇ ಬಿಟ್ಕಂಡೈತೆ.”

ಮಾರಿದವನಿಗೆ ಫೋನ್ ಮಾಡಿದೆವು. “ನೋಡೇ ತಗಂಡ್ರಲ್ಲ ಸಾರ್, ಹಳೆ ಸೈಕಲ್ ಅಂದ್ರೆ ಹಂಗೇ” ಎಂದ. ಎರಡನೇ ಸಲ ಮಾಡುವಷ್ಟರಲ್ಲಿ ನಮ್ಮ ನಂಬರ್ ಬ್ಲಾಕ್ ಆಗಿತ್ತು.

ಇದು ದೊಡ್ಡ ವಿಷಯವೇ ಎಂದು ನೀವು ಕೇಳಬಹುದು. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ 3,500 ರೂಪಾಯಿಗೆ ಬಿಸಿಲಲ್ಲಿ ಒಂಬತ್ತೂವರೆ ದಿನ ಮಣ್ಣು ಹೊರಬೇಕು. ಬಳ್ಳಾರಿಯ ಬಿಸಿಲು ಎಂಥದ್ದೆಂದು ನಿಮಗೆ ಗೊತ್ತು. ಆದರೆ ಈ ಮೊತ್ತ ನಮ್ಮ ಕಸುಬಿನಲ್ಲೂ ಸುದ್ದಿಯಲ್ಲ. ಲಕ್ಷ ಹೋದರೆ ನಾವು ಸುದ್ದಿ ಕಳಿಸುತ್ತೇವೆ. ಮೂರೂವರೆ ಸಾವಿರ ಹೋದರೆ ಡೆಸ್ಕಿನವರು ನಗುತ್ತಾರೆ. ಲಕ್ಷದ ಸುದ್ದಿಯ ಕೊನೆಯಲ್ಲೂ ನಾವೇ ಬರೆಯುವ ಸಾಲು ಒಂದೇ: “ಸಾರ್ವಜನಿಕರು ಎಚ್ಚರಿಕೆ ವಹಿಸಬೇಕು.” ಅದೂ “ನೋಡಿ ತಗೋಬೇಕಿತ್ತು” ಎಂಬುದರ ತಮ್ಮನೇ. ಹತ್ತು ವರ್ಷದಿಂದ ಆ ಸಾಲು ಬರೆದವರು ನಾವು. ಅದನ್ನು ಇಲ್ಲಿಗೆ ಬಿಡುತ್ತಿದ್ದೇವೆ.

ಸುಮ್ಮನಿರುವುದು ಬೇರೆ, ಮುಚ್ಚಿಡುವುದು ಬೇರೆ

ಹಳೆ ವಸ್ತು ಮಾರುವುದು ತಪ್ಪಲ್ಲ. ಸವೆದ ಚೈನು, ತೇಪೆ ಹಾಕಿದ ಟ್ಯೂಬು, ಸಡಿಲಾದ ಪೆಡಲ್, ಇವೆಲ್ಲ ಕಣ್ಣಿಗೆ ಕಾಣುತ್ತವೆ. ಅದನ್ನು ನೋಡದೆ ಕೊಂಡರೆ ತಪ್ಪು ನಮ್ಮದೇ. 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ: ಗುಣಮಟ್ಟದ ಹೊಣೆ ಸಾಮಾನ್ಯವಾಗಿ ಮಾರುವವನ ಮೇಲೆ ತಾನಾಗಿ ಬರುವುದಿಲ್ಲ.

ಆದರೆ “ನೋಡಿ ತಗೋಬೇಕಿತ್ತು” ಎನ್ನುವವರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಅದೇ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ವಿವರ ಹೇಳಿ ಮಾರಿದ ವಸ್ತು ಆ ವಿವರಕ್ಕೆ ಹೊಂದಬೇಕು. 1872ರ ಭಾರತೀಯ ಒಪ್ಪಂದ ಕಾಯ್ದೆಯ 17ನೇ ಸೆಕ್ಷನ್ ಇನ್ನೂ ಸ್ಪಷ್ಟ. ಬರೀ ಸುಮ್ಮನಿರುವುದು ಸಾಮಾನ್ಯವಾಗಿ ವಂಚನೆಯಲ್ಲ, ಆದರೆ ಗೊತ್ತಿದ್ದ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದು ವಂಚನೆ. ವಂಚನೆಯಿಂದ ಒಪ್ಪಿಸಿದ ವ್ಯವಹಾರವನ್ನು ಮೋಸಹೋದವರು ರದ್ದು ಮಾಡಬಹುದು ಎಂದು 19ನೇ ಸೆಕ್ಷನ್ ಹೇಳುತ್ತದೆ.

ಮುರಿದ ಫೋರ್ಕಿಗೆ ವೆಲ್ಡಿಂಗ್ ಮಾಡಿಸಿ ಮೇಲೆ ಪೇಂಟ್ ಹೊಡೆಯುವುದು ಸುಮ್ಮನಿರುವುದೋ, ಮುಚ್ಚಿಡುವುದೋ? ನೀವೇ ಹೇಳಿ. ನೋಡಬಾರದೆಂದೇ ಪೇಂಟ್ ಹೊಡೆದು, ಆಮೇಲೆ ನೋಡಬೇಕಿತ್ತು ಎನ್ನುವುದು ಯಾವ ನ್ಯಾಯ?

ಸಂತೆಯ ದಲ್ಲಾಳಿಗೆ ಇದ್ದ ಮಾನ

ನಮ್ಮ ಕಡೆ ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ನಡೆಸಿ ನೋಡುತ್ತಾರೆ. ಟವೆಲ್ ಕೆಳಗೆ ಕೈ ಇಟ್ಟು ಬೆರಳಲ್ಲಿ ರೇಟು ಮುಗಿಸುವ ದಲ್ಲಾಳಿ ಒಬ್ಬ ಇರುತ್ತಾನೆ. ಅವನೂ ದುಡ್ಡು ತಗೊಳ್ಳುತ್ತಾನೆ. ಆದರೆ ಎತ್ತು ಹಾಯುವಂಥದ್ದು ಎಂದು ಮನೆಗೆ ಹೋದಮೇಲೆ ಗೊತ್ತಾದರೆ, ಮುಂದಿನ ಸಂತೆಯಲ್ಲಿ ಅವನ ಕೊರಳಪಟ್ಟಿ ಹಿಡಿದು ಕೇಳಬಹುದು. ಮಾರಿದವನ ಊರು, ಮನೆ ಅವನಿಗೆ ಗೊತ್ತು. ಆ ಹೆದರಿಕೆಯಿಂದಲೇ ಅವನು ಅರ್ಧ ಸುಳ್ಳನ್ನು ಮೊದಲೇ ತಡೆಯುತ್ತಾನೆ.

ಆ್ಯಪ್ ಎಂಬುದು ಇಂದಿನ ದಲ್ಲಾಳಿ. ನಮ್ಮ ಜಾಹೀರಾತು ಮೇಲೆ ಕಾಣಲಿ ಎನ್ನುವ ಮಾರಾಟಗಾರರಿಂದ ದುಡ್ಡು ತಗೊಳ್ಳುತ್ತದೆ. ನಾವು ನೋಡುವಾಗ ನಡುನಡುವೆ ಜಾಹೀರಾತು ತೋರಿಸಿ ದುಡಿಯುತ್ತದೆ. ಆದರೆ ಕೊರಳಪಟ್ಟಿ ಮಾತ್ರ ಕೈಗೆ ಸಿಗುವುದಿಲ್ಲ. ದೂರು ಹಾಕಿದರೆ “ನಾವು ಬರೀ ಪರಿಚಯ ಮಾಡಿಸುವವರು, ವ್ಯವಹಾರ ನಿಮ್ಮಿಬ್ಬರದು” ಎಂಬ ಉತ್ತರ. ಮಾರಿದವನ ವಿಳಾಸ ಕೊಡಿ ಎಂದರೆ ಅದು ಖಾಸಗಿ ಮಾಹಿತಿ. ಒಪ್ಪಂದ ರದ್ದು ಮಾಡಿದ್ದೇವೆ ಎಂದು ನೋಟಿಸ್ ಕಳಿಸಲು ನಾವು ಸಿದ್ಧ. ವಿಳಾಸವೇ ಇಲ್ಲದೆ ಯಾರಿಗೆ ಕಳಿಸುವುದು?

ಇಲ್ಲೊಂದು ದೊಡ್ಡ ಸಂದಿ ಇದೆ. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುವ ವ್ಯಾಪಾರಿ ಯಾರು, ಎಲ್ಲಿಯವನು ಎಂಬ ವಿವರ ಗ್ರಾಹಕರಿಗೆ ಸಿಗಬೇಕು. ಕಂಪನಿಗೆ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ತಲುಪಿದ್ದಕ್ಕೆ 48 ಗಂಟೆಯಲ್ಲಿ ಉತ್ತರ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಆದರೆ ಒಬ್ಬ ವ್ಯಕ್ತಿ ಕಸುಬಾಗಿ ಅಲ್ಲದೆ, ತನ್ನ ಸ್ವಂತದ್ದನ್ನು ಮಾರಿದರೆ ಈ ನಿಯಮಗಳು ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲೂ ನಾವು ದೂರು ಕೊಡಬಹುದಾದದ್ದು ವ್ಯಾಪಾರಿಯ ಮೇಲೆ, ಸೇವೆ ಕೊಟ್ಟವರ ಮೇಲೆ. ಮನೆಯವರೊಬ್ಬರು ಹಳೆ ಸೈಕಲ್ ಮಾರಿದರೆ ಅವರು ವ್ಯಾಪಾರಿ ಅಲ್ಲ.

ಇದರಲ್ಲಿ ಒಂದು ನ್ಯಾಯವೂ ಇದೆ. ಮಗ ಬೆಳೆದನೆಂದು ಅವನ ಸಣ್ಣ ಸೈಕಲ್ ಮಾರುವ ತಾಯಿಯನ್ನು ಕಂಪನಿಯಂತೆ ನಡೆಸಿಕೊಳ್ಳಬಾರದು. ನಾವೂ ಹಳೆ ಫೋನ್ ಮಾರಿದವರೇ. ಆದರೆ ಆ ತಾಯಿಗೆಂದು ಬಿಟ್ಟ ಸಂದಿಯಲ್ಲಿ ನುಗ್ಗುತ್ತಿರುವವರು ಬೇರೆ. ಬ್ಲಾಕ್ ಆದಮೇಲೆ ಗೆಳೆಯರೊಬ್ಬರ ಫೋನಿನಿಂದ ಹುಡುಕಿದರೆ, ನಮಗೆ “ಮನೆಯವರು ಓಡಿಸಿದ್ದು” ಎಂದವನ ಅದೇ ನಂಬರಿನಲ್ಲಿ ಇನ್ನೂ ನಾಲ್ಕು ಸೈಕಲ್ ಇದ್ದವು. ನಾಲ್ಕೂ “ಮನೆಯವರು ಓಡಿಸಿದ್ದು”! ಅವರ ಮನೆಯಲ್ಲಿ ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ಪದೇ ಪದೇ ಮಾರುವುದೇ ಕಸುಬಾದರೆ ಅವನು ವ್ಯಾಪಾರಿಯೇ, ನಿಯಮದ ವಿನಾಯಿತಿ ಅವನಿಗಿಲ್ಲ. ನಮಗೆ ಯಾವ ಚಪ್ಪಲಿ ಬೇಕೆಂದು ನಮಗಿಂತ ಮೊದಲೇ ಕಂಡುಹಿಡಿಯುವ ಆ್ಯಪ್‌ಗೆ, ಒಬ್ಬನ ಹೆಸರಲ್ಲಿ ಐದು ಸೈಕಲ್ ಇವೆ ಎಂದು ಎಣಿಸಲು ಬರುವುದಿಲ್ಲವೇ?

ನಾವು ಕೇಳುವುದು ಮೂರೇ

ಗ್ಯಾರಂಟಿ ಕೊಡಿ ಎಂದು ನಾವು ಕೇಳುತ್ತಿಲ್ಲ.

ಒಂದು, ಜಾಹೀರಾತು ಹಾಕುವಾಗಲೇ “ಮುರಿದದ್ದು, ವೆಲ್ಡಿಂಗ್ ಮಾಡಿಸಿದ್ದು, ಬದಲಿಸಿದ್ದು ಏನಿದೆ?” ಎಂಬ ಪ್ರಶ್ನೆಗೆ ಉತ್ತರ ಕಡ್ಡಾಯವಾಗಲಿ. ಅದು ಕನ್ನಡದಲ್ಲೂ ಇರಲಿ. ಸುಳ್ಳು ಬರೆದರೆ ಅದೇ ಸಾಕ್ಷಿ.

ಎರಡು, ಮೋಸದ ದೂರು ಬಂದ ಜಾಹೀರಾತನ್ನು ಅಳಿಸಲು ಬಿಡಬಾರದು. ಮಾರಿದವನ ಗುರುತು, ವಿಳಾಸವನ್ನು ಕಾನೂನು ಸೇವಾ ಸಮಿತಿಗೋ ಆಯೋಗಕ್ಕೋ ಕೊಡಬೇಕು ಎಂಬ ನಿಯಮ ಬರಲಿ. ನಮ್ಮ ಕೈಗೇ ಕೊಡಬೇಕೆಂದಿಲ್ಲ.

ಮೂರು, ಒಂದೇ ನಂಬರಿನಿಂದ ಪದೇ ಪದೇ ಒಂದೇ ಬಗೆಯ ವಸ್ತು ಮಾರುವವರನ್ನು ಆ್ಯಪ್ ತಾನಾಗಿಯೇ ವ್ಯಾಪಾರಿ ಎಂದು ತೋರಿಸಲಿ.

ಇಷ್ಟು ಮಾಡಿದರೆ ಹಳೆ ವಸ್ತುಗಳ ಮಾರಾಟ ನಿಂತುಹೋಗುತ್ತದೆ ಎನ್ನುವವರಿದ್ದಾರೆ. ಸತ್ಯ ಹೇಳಿದರೆ ನಿಲ್ಲುವ ವ್ಯಾಪಾರ ನಿಲ್ಲಲಿ ಬಿಡಿ. ಪ್ರಾಮಾಣಿಕವಾಗಿ ಮಾರುವ ತಾಯಿಗೆ ಇದರಿಂದ ಲಾಭವೇ. ಇವತ್ತು ಪೇಂಟ್ ಹೊಡೆದವನ ಸೈಕಲ್ಲಿನ ಪಕ್ಕದಲ್ಲಿ ಆಕೆಯ ಒಳ್ಳೆ ಸೈಕಲ್ಲಿಗೂ ಅದೇ ಕಡಿಮೆ ರೇಟು ಸಿಗುತ್ತಿದೆ.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು

ಇದು ಮೋಸ ಮಾಡುವವನಿಗೆ ಕಷ್ಟ ಕೊಡುವ ದಾರಿ.

ಕೊಳ್ಳುವ ಮೊದಲು ಅಂಗಡಿಯಲ್ಲಿ ಹೊಸದರ ಬೆಲೆ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಳೆಯದಕ್ಕೂ ಹೊಸದಕ್ಕೂ ಎಷ್ಟು ಅಂತರ ಎಂದು ತಿಳಿದುಕೊಂಡೇ ಹೊರಡಿ.

“ರಿಪೇರಿ ಏನಾದರೂ ಇದೆಯಾ?” ಎಂದು ಮೆಸೇಜಿನಲ್ಲೇ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಜಾಹೀರಾತಿನ, ಆ ವ್ಯಕ್ತಿಯ ಬೇರೆ ಜಾಹೀರಾತುಗಳ ಸ್ಕ್ರೀನ್‌ಶಾಟ್ ತೆಗೆದಿಡಿ.

ಹಗಲಲ್ಲೇ ಹೋಗಿ. ಹತ್ತಿರದ ಸೈಕಲ್ ಶಾಪ್‌ನಲ್ಲೇ ಕೈಬದಲು ಮಾಡೋಣ ಎಂದು ಹೇಳಿ. ಒಪ್ಪದಿದ್ದರೆ ವಾಪಸ್ ಬನ್ನಿ. ಮುಂದಿನ ಫೋರ್ಕಿನ ಮೇಲೆ, ಫ್ರೇಮ್ ಪೈಪುಗಳು ಕೂಡುವಲ್ಲಿ ಪೇಂಟ್ ಬೇರೆಯಾಗಿದೆಯೇ ನೋಡಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಾಡಿಸಿ. ಸೈಕಲ್ ತಲೆಕೆಳಗೆ ಮಾಡಿ, ಪೆಡಲ್ ಆಕ್ಸಲ್ ಕೆಳಗಿನ ಫ್ರೇಮ್ ನಂಬರ್ ಫೋಟೊ ತೆಗೆಯಿರಿ. ನಂಬರ್ ಉಜ್ಜಿದ್ದರೆ ಅದು ಕಳ್ಳಮಾಲು ಇರಬಹುದು, ಮುಟ್ಟಬೇಡಿ.

ಮೋಸ ಆಗಿದ್ದರೆ ಮೊದಲು ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಬರೆದು ದೂರು ಕೊಡಿ. ಕಸುಬಾಗಿ ಮಾರುವವನೆಂದು ಕಂಡರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ದುಡ್ಡು ತಗೊಂಡು ವಸ್ತುವನ್ನೇ ಕೊಡದೆ ಮಾಯವಾದರೆ ತಡಮಾಡದೆ 1930. ವಕೀಲರ ಸಹಾಯ ಬೇಕಿದ್ದರೆ 15100, ಇಲ್ಲವೇ ತಾಲ್ಲೂಕು ಕಾನೂನು ಸೇವಾ ಸಮಿತಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಈ ನೆರವು ಉಚಿತ, ಆದಾಯದ ಲೆಕ್ಕ ಕೇಳುವುದಿಲ್ಲ.

ನಮ್ಮ ದೂರು ಇನ್ನೂ ನಡೆಯುತ್ತಿದೆ. ಹೊಸ ಫೋರ್ಕು ಹಾಕಿಸಿದೆವು, ಕೂಲಿ ಸೇರಿ 850 ರೂಪಾಯಿ ಆಯಿತು. ಹಳೆ ಫೋರ್ಕನ್ನು ಎಸೆಯದೆ ಚೀಲದಲ್ಲಿ ಕಟ್ಟಿ ಇಟ್ಟಿದ್ದೇವೆ, ಅದು ನಮ್ಮ ಸಾಕ್ಷಿ. ಹುಡುಗಿ ಈಗ ಅದೇ ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಾಳೆ. ಆದರೆ ಕಾಲುವೆ ಏರಿ ಬಂದಾಗ ಇಳಿದು ತಳ್ಳಿಕೊಂಡು ಹೋಗುತ್ತಾಳೆ ಎಂದು ಅಕ್ಕ ಹೇಳಿದಳು.

ನಿಮ್ಮೂರಲ್ಲಿ ಯಾರಾದರೂ ಹೀಗೆ ಮೋಸಹೋಗಿ ಬಂದರೆ, “ನೋಡಿ ತಗೋಬೇಕಿತ್ತು” ಎನ್ನಬೇಡಿ. “ಅವನೇನು ಮೆಸೇಜ್ ಹಾಕಿದ್ದ, ತೋರಿಸು” ಎನ್ನಿ. ದೂರು ಬರೆಯಲು ಬಾರದಿದ್ದರೆ ನಮಗೆ ಕಳಿಸಿ, ನಾವು ಬರೆದುಕೊಡುತ್ತೇವೆ.